ಎಲೆಯ ಕೆಳಗೆ ಏನಿರಬೇಕು? ಇಸ್ಪೀಟಿನ ಜಾದೂ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ಇಸ್ಪೀಟೆಲೆಗಳ ಕೈಚಳಕವನ್ನು ಕಲಿಯುತ್ತಿರುವ ನಮ್ಮ ಜಿಲ್ಲೆಯ ಓದುಗರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದುದರಿಂದ, ಅವುಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಯಾವ ಆಟದ ಗುಟ್ಟನ್ನೂ ಇಲ್ಲಿ ಬಿಡಿಸಿಲ್ಲ. ಎಲೆ, ಕೈ ಮತ್ತು ಅವೆರಡರ ಕೆಳಗಿನ ಹಾಸು, ಇಷ್ಟೇ ಇಲ್ಲಿನ ಮಾತು.

ಪ್ರಶ್ನೆ: ಮಾನ್ಯರೇ, ನಾನು ಒಂದು ವರ್ಷದಿಂದ ಇಸ್ಪೀಟಿನ ಜಾದೂ ಕಲಿಯುತ್ತಿದ್ದೇನೆ. ಹಾಸ್ಟೆಲ್ಲಿನ ಮಂಚದ ಮೇಲೆ ಕುಳಿತು ಅಭ್ಯಾಸ ಮಾಡುತ್ತೇನೆ. ಅಲ್ಲಿ ತಕ್ಕಮಟ್ಟಿಗೆ ಬರುವ ಕೆಲಸ ಓದುವ ಮೇಜಿನ ಮೇಲೆ ಬರುವುದೇ ಇಲ್ಲ. ಕಟ್ಟನ್ನು ಸಾಲಾಗಿ ಹರಡಲು ಹೋದರೆ ಇಡೀ ಕಟ್ಟೇ ಜಾರುತ್ತದೆ. ಕೆಳಗಿಟ್ಟ ಒಂದು ಎಲೆಯನ್ನು ಎತ್ತಲು ಉಗುರು ಹಾಕಿ ಪರದಾಡಬೇಕಾಗುತ್ತದೆ. ಜಾದೂಗಾರರು ಬಳಸುವ ಮ್ಯಾಟನ್ನು ಕೊಳ್ಳಲೇಬೇಕೆ? ಮನೆಯಲ್ಲೇ ಮಾಡಿಕೊಳ್ಳಲು ಬರುತ್ತದೆಯೇ?
— ಪದವಿ ವಿದ್ಯಾರ್ಥಿ, ಶಿರಸಿ

ಉತ್ತರ: ನಿಮ್ಮ ತೊಂದರೆಯ ಕಾರಣ ನಿಮ್ಮ ಪತ್ರದಲ್ಲೇ ಇದೆ. ಕಟ್ಟನ್ನು ಸಾಲಾಗಿ ಹರಡುವಾಗ ಎಲ್ಲಕ್ಕಿಂತ ಕೆಳಗಿರುವ ಎಲೆ ಹಾಸನ್ನು ಹಿಡಿದು ನಿಲ್ಲಬೇಕು, ಅದರ ಮೇಲಿನದು ತುಸು ದೂರ ಸರಿದು ನಿಲ್ಲಬೇಕು, ಹೀಗೆ 52 ಎಲೆಗಳೂ ಒಂದರ ಬೆನ್ನಿಗೊಂದು ಕಳಚಿಕೊಳ್ಳುತ್ತ ಹೋಗಬೇಕು. ಎಲೆಗೂ ಎಲೆಗೂ ನಡುವಿನ ಹಿಡಿತಕ್ಕಿಂತ ಎಲೆಗೂ ಹಾಸಿಗೂ ನಡುವಿನ ಹಿಡಿತ ಹೆಚ್ಚಾಗಿದ್ದಾಗ ಮಾತ್ರ ಇದು ನಡೆಯುತ್ತದೆ. ಸನ್‌ಮೈಕಾ ಅಂಟಿಸಿದ ಮೇಜಿನ ಮೇಲೆ ಈ ಲೆಕ್ಕ ತಿರುಗುಮುರುಗಾಗುತ್ತದೆ: ಕೆಳಗಿನ ಎಲೆಗೆ ಕಾಲೂರಲು ನೆಲೆಯಿಲ್ಲದೆ ಇಡೀ ಕಟ್ಟು ಇಟ್ಟಿಗೆಯ ಹಾಗೆ ಒಟ್ಟಾಗಿ ಮುಂದೆ ಸರಿಯುತ್ತದೆ.

ಎಲೆ ಎತ್ತುವ ಕಷ್ಟದ ಲೆಕ್ಕ ಇನ್ನೂ ಸರಳ. ಒಂದು ಕಟ್ಟಿನ ದಪ್ಪ ಸುಮಾರು 16 ಮಿಲಿಮೀಟರ್. ಅದನ್ನು 52ರಿಂದ ಭಾಗಿಸಿದರೆ ಒಂದು ಎಲೆಯ ಪಾಲಿಗೆ ಬರುವುದು 0.3 ಮಿಲಿಮೀಟರ್. ಗಟ್ಟಿ ಮೇಜಿಗೆ ಅಂಟಿದಂತೆ ಮಲಗಿದ ಇಷ್ಟು ತೆಳುವಾದ ವಸ್ತುವಿನ ಕೆಳಗೆ ಬೆರಳಿನ ಮಾಂಸ ನುಸುಳಲಾರದು. ಅದೇ ಎಲೆ ತುಸು ಮೆತ್ತಗಿನ ಹಾಸಿನ ಮೇಲಿದ್ದರೆ, ಎಲೆಯ ಪಕ್ಕದಲ್ಲಿ ಊರಿದ ಬೆರಳು ಒಂದೆರಡು ಮಿಲಿಮೀಟರ್ ಕೆಳಗಿಳಿದು ಅಂಚಿನ ಅಡಿಗೆ ತಾನಾಗಿ ಹೋಗುತ್ತದೆ. ಜಾದೂಗಾರರ ಮ್ಯಾಟು ಇರುವುದು ಬಹುಮಟ್ಟಿಗೆ ಈ ಒಂದೆರಡು ಮಿಲಿಮೀಟರಿಗಾಗಿ. ಎರಡು ಎಲೆಗಳನ್ನು ಒಂದೇ ಎಂಬಂತೆ ಕೆಳಗಿಡುವ ಕೆಲಸದಲ್ಲಿಯೂ ಅದರ ಉಪಕಾರವಿದೆ. ನುಣುಪು ಮೇಜಿನ ಮೇಲೆ ಬಿಟ್ಟ ಜೋಡಿ, ಕೆಳಗೆ ಸಿಕ್ಕಿಕೊಂಡ ಗಾಳಿಯ ಪದರದ ಮೇಲೆ ತೇಲಿ ಒಂದಕ್ಕೊಂದು ಅಡ್ಡ ಸರಿದು ಗುಟ್ಟು ರಟ್ಟಾಗುತ್ತದೆ; ಬಟ್ಟೆಯ ಮೇಲೆ ಬಿಟ್ಟದ್ದು ಬಿಟ್ಟಲ್ಲೇ ಕೂರುತ್ತದೆ.

ಹಾಗಾದರೆ ಮಂಚವೇ ಸಾಕಲ್ಲ ಎಂದು ನೀವು ಕೇಳಬಹುದು. ಸಾಲದು, ಮಾತ್ರವಲ್ಲ, ಅದು ಕೈಯನ್ನು ಕೆಡಿಸುತ್ತದೆ. ಹಾಸಿಗೆ ನಿಮ್ಮ ಮೈಭಾರಕ್ಕೆ ನಿಮ್ಮ ಕಡೆಗೇ ಇಳಿಜಾರಾಗುತ್ತದೆ, ಮಧ್ಯದಲ್ಲಿ ತಗ್ಗಾಗುತ್ತದೆ, ಎಲೆಗಳನ್ನು ಎಷ್ಟು ಒತ್ತಿದರೂ ತಾಳಿಕೊಳ್ಳುತ್ತದೆ. ಹೀಗಾಗಿ ಬೇಕಾದುದಕ್ಕಿಂತ ಮೂರು ಪಟ್ಟು ಬಲ ಹಾಕುವುದನ್ನು ಬೆರಳು ರೂಢಿ ಮಾಡಿಕೊಳ್ಳುತ್ತದೆ, ಮತ್ತು ಆ ರೂಢಿಯನ್ನು ಬಿಡಿಸುವುದು ಹೊಸದಾಗಿ ಕಲಿಯುವುದಕ್ಕಿಂತ ಕಷ್ಟ. ಮಂಚದ ಮೇಲೆ ಕುಳಿತೇ ಮಾಡುವ ಅನಿವಾರ್ಯವಿದ್ದರೆ, ಪರೀಕ್ಷೆಗೆ ಒಯ್ಯುವ ರಟ್ಟಿನ ಪ್ಯಾಡನ್ನು ಮಡಿಲಲ್ಲಿಟ್ಟುಕೊಂಡು ಅದರ ಮೇಲೆ ಬಟ್ಟೆ ಹಾಸಿಕೊಳ್ಳಿ.

ಮನೆಯಲ್ಲಿ ಕೈಗೆ ಸಿಗುವ ಹಾಸುಗಳ ವಿಷಯವನ್ನು ಬೇಗ ಮುಗಿಸುತ್ತೇನೆ. ಟರ್ಕಿ ಟವೆಲಿನ ದಾರದ ಕುಣಿಕೆಗಳು ಎಲೆಯ ಮೂಲೆಗಳನ್ನು ಹಿಡಿದೆಳೆಯುತ್ತವೆ. ಕಂಬಳಿ ಒರಟು. ಚಾಪೆಯ ಏಣುಗಳ ಮೇಲೆ ಸಾಲು ಹರಡಿದರೆ ಎಲೆಗಳು ಎಡವುತ್ತ ಹೋಗುತ್ತವೆ ಮತ್ತು ಅಂಚು ಬೇಗ ಸವೆಯುತ್ತದೆ. ಕೇರಂ ಬೋರ್ಡಿನ ಮೇಲೆ ಅಭ್ಯಾಸ ಮಾಡುವ ಹುಡುಗರನ್ನು ಕಂಡಿದ್ದೇನೆ. ಬೋರಿಕ್ ಪುಡಿ ಹಚ್ಚಿದ ಆ ಹಲಗೆ ಜಾರುವುದಕ್ಕೆಂದೇ ಹುಟ್ಟಿದ್ದು, ಆದ್ದರಿಂದ ನಮ್ಮ ಕೆಲಸಕ್ಕೆ ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ನಾಲ್ಕು ಮಡಿಕೆ ಹಾಕಿದ ದಿನಪತ್ರಿಕೆ ಮಾತ್ರ ಅನಿರೀಕ್ಷಿತವಾಗಿ ಒಳ್ಳೆಯ ಹಾಸು. ಅದಕ್ಕೆ ಹಿಡಿತವೂ ಇದೆ, ತುಸು ಮೆದುವೂ ಇದೆ. ಮಸಿ ಎಲೆಯ ಅಂಚಿಗೆ ಹತ್ತುತ್ತದೆ ಎಂಬುದೊಂದೇ ದೋಷ.

ಇನ್ನು ಮ್ಯಾಟಿನ ವಿಷಯ. ಅಂಗಡಿಯ ಮ್ಯಾಟೆಂದರೆ ನಿಯೋಪ್ರಿನ್ ಅಥವಾ ಅಂಥದೇ ರಬ್ಬರಿನ ಮೂರರಿಂದ ಐದು ಮಿಲಿಮೀಟರ್ ದಪ್ಪದ ತಳ ಮತ್ತು ಅದರ ಮೇಲೆ ಅಂಟಿಸಿದ ಗಿಡ್ಡ ಜುಂಗಿನ ಬಟ್ಟೆ, ಬೇರೇನೂ ಅಲ್ಲ. ಸಾಮಾನ್ಯವಾಗಿ ಸಿಗುವ ಅಳತೆಗಳು ಎರಡು: 11 × 16 ಇಂಚು ಮತ್ತು 16 × 23 ಇಂಚು. ಯಾವುದು ಬೇಕೆಂಬುದನ್ನು ಲೆಕ್ಕ ಹಾಕಿಯೇ ತಿಳಿಯಬಹುದು. ಪೋಕರ್ ಅಳತೆಯ ಎಲೆಯ ಅಗಲ ಸುಮಾರು 6.3 ಸೆಂಟಿಮೀಟರ್. ಕೊನೆಯ ಎಲೆಗೆ ಅಷ್ಟು ಜಾಗ ಬಿಟ್ಟು ಉಳಿದ 51 ಎಲೆಗಳ ಅಂಚು ಕಾಣಬೇಕು. 16 ಇಂಚೆಂದರೆ 40 ಸೆಂಟಿಮೀಟರಿಗೆ ತುಸು ಹೆಚ್ಚು. ಅಲ್ಲಿ ಒಂದೊಂದು ಎಲೆಗೆ ಸಿಗುವುದು ಹೆಚ್ಚೆಂದರೆ ಆರೇಳು ಮಿಲಿಮೀಟರ್. 23 ಇಂಚಿನಲ್ಲಿ, ಅಂದರೆ 58 ಸೆಂಟಿಮೀಟರಿನಲ್ಲಿ, ಒಂದೊಂದಕ್ಕೆ ಪೂರ್ತಿ ಒಂದು ಸೆಂಟಿಮೀಟರ್ ಸಿಗುತ್ತದೆ. ಎಲೆಗಳ ಮೂಲೆಯ ಸಂಖ್ಯೆ ಓದಲು ಬರುವಂತೆ ಹರಡಿ, ಒಂದು ತುದಿಯಿಂದ ಎತ್ತಿ ಇಡೀ ಸಾಲನ್ನು ಅಲೆಯ ಹಾಗೆ ಮಗುಚಬೇಕಾದವರಿಗೆ ದೊಡ್ಡದೇ ಬೇಕು. ಕೈಯಲ್ಲೇ ಹೆಚ್ಚಿನ ಕೆಲಸ ನಡೆಸಿ ನಾಲ್ಕಾರು ಎಲೆಗಳನ್ನು ಮಾತ್ರ ಕೆಳಗಿಡುವವರಿಗೆ ಚಿಕ್ಕದು ಸಾಕು, ಚೀಲದಲ್ಲೂ ಹಿಡಿಸುತ್ತದೆ.

ನನ್ನ ಅಭಿಪ್ರಾಯ ಕೇಳಿದ್ದೀರಾದ್ದರಿಂದ ಹೇಳುತ್ತೇನೆ: ಮೊದಲ ಮ್ಯಾಟನ್ನು ಜಾದೂ ಸಾಮಾನು ಮಾರುವವರಿಂದ ಕೊಳ್ಳಬೇಡಿ. ಕಂಪ್ಯೂಟರ್ ಆಟದವರು ಕೀಬೋರ್ಡು ಮತ್ತು ಮೌಸ್ ಎರಡರ ಕೆಳಗೂ ಹಾಸುವ ಉದ್ದನೆಯ ಮೌಸ್‌ಪ್ಯಾಡು, ರಬ್ಬರ್ ತಳ, ಬಟ್ಟೆಯ ಮೈ, 30 × 80 ಸೆಂಟಿಮೀಟರ್ ಅಳತೆಯಲ್ಲಿ ಸಿಗುತ್ತದೆ, ಮತ್ತು ರಚನೆಯಲ್ಲಿ ಅದು ಮ್ಯಾಟಿನ ಒಡಹುಟ್ಟೇ. ಅದರ ಮೇಲೆ ಚಿತ್ರವಿಲ್ಲದ, ಒಂದೇ ಬಣ್ಣದ್ದನ್ನು ಆರಿಸಿಕೊಳ್ಳಿ.

ಸ್ವತಃ ಮಾಡಿಕೊಳ್ಳುವುದಾದರೆ ನಾಲ್ಕು ಮಿಲಿಮೀಟರಿನ ಯೋಗ ಮ್ಯಾಟನ್ನು ತಂದು ಬೇಕಾದ ಅಳತೆಗೆ ಕತ್ತರಿಸಿ. ಎಂಟು ಹತ್ತು ಮಿಲಿಮೀಟರಿನ ಉಬ್ಬಿದ ಮ್ಯಾಟು ಬೇಡ, ಮಂಚದ ದೋಷವೆಲ್ಲ ಅದರಲ್ಲಿದೆ. ಬರಿಯ ಯೋಗ ಮ್ಯಾಟಿನ ಮೇಲೆ ಎಲೆ ಅಂಟಿಕೊಂಡು ಸರಿಯುವುದೇ ಇಲ್ಲವಾದ್ದರಿಂದ ಮೇಲೊಂದು ಬಟ್ಟೆ ಬೇಕು. ಸೀಟು ಮತ್ತು ಸೋಫಾ ಹೊಲಿಯುವ ಕುಷನ್ ಕೆಲಸದವರ ಬಳಿ ಸ್ವೇಡಿನಂತಹ ಬಟ್ಟೆಯ ತುಂಡುಗಳು ಬಿದ್ದಿರುತ್ತವೆ, ಕೇಳಿದರೆ ಕೊಡುತ್ತಾರೆ. ಬಟ್ಟೆ ಅಂಗಡಿಯ ವೆಲ್ವೆಟ್ ಕಣ್ಣಿಗೆ ಚೆಂದ, ಆದರೆ ಜುಂಗು ಉದ್ದವಿದ್ದರೆ ಎಲೆ ಹೂತುಕೊಳ್ಳುತ್ತದೆ, ಮತ್ತು ಅದರ ಜುಂಗು ಒಂದೇ ದಿಕ್ಕಿಗೆ ಮಲಗಿರುವುದರಿಂದ ಎಡದಿಂದ ಬಲಕ್ಕೆ ಹರಡಿದಷ್ಟು ಸಲೀಸಾಗಿ ಬಲದಿಂದ ಎಡಕ್ಕೆ ಹರಡದು. ವೆಲ್ವೆಟ್ಟನ್ನೇ ಬಳಸುವುದಾದರೆ ಅಂಗೈಯಿಂದ ಸವರಿ ದಿಕ್ಕನ್ನು ಗುರುತಿಸಿ, ನೀವು ಹರಡುವ ಕಡೆಗೆ ಜುಂಗು ಮಲಗುವಂತೆ ಅಂಟಿಸಿ. ಅಂಟು ಚಪ್ಪಲಿ ಹೊಲಿಯುವವರು ಬಳಸುವ ರಬ್ಬರ್ ಅಂಟಾಗಿರಲಿ. ಮರಗೆಲಸದ ಬಿಳಿ ಅಂಟು ಬಟ್ಟೆಯ ಮೂಲಕ ಮೇಲೆ ಬಂದು ಒಣಗಿ, ಅಲ್ಲಲ್ಲಿ ಕಲ್ಲಿನಂತಹ ಮಚ್ಚೆಗಳನ್ನು ಮಾಡುತ್ತದೆ. ಇದು ನಾನೇ ಒಂದು ಮ್ಯಾಟನ್ನು ಹಾಳು ಮಾಡಿ ಕಲಿತ ಪಾಠ.

ಬಟ್ಟೆ ಕೊಳ್ಳಲು ಹೋಗುವಾಗ ಕಟ್ಟನ್ನು ಜೇಬಿನಲ್ಲಿ ಒಯ್ಯಿರಿ. ಅಂಗಡಿಯ ಮೇಜಿನ ಮೇಲೆ ತುಂಡನ್ನು ಹಾಸಿ, ಒಂದು ಎಲೆಯನ್ನಿಟ್ಟು ಒಂದೇ ಬೆರಳಿನಿಂದ ಮೆಲ್ಲಗೆ ತಳ್ಳಿ. ಎಲೆ ತಡವರಿಸದೆ ಹೊರಟು, ಬೆರಳು ನಿಂತೊಡನೆ ತಾನೂ ನಿಲ್ಲಬೇಕು. ಬೆರಳು ಎತ್ತಿದ ಮೇಲೂ ಜಾರಿದರೆ ಬಟ್ಟೆ ನುಣುಪು; ತಳ್ಳುವಾಗ ಎಲೆ ಬಿಲ್ಲಿನಂತೆ ಬಾಗಿದರೆ ಒರಟು. ಪೇಟೆಯ ಅಂಗಡಿಯಲ್ಲಿ ಇಸ್ಪೀಟು ತೆಗೆದವನನ್ನು ಸುತ್ತಲಿನವರು ಯಾವ ದೃಷ್ಟಿಯಿಂದ ನೋಡುತ್ತಾರೆಂಬುದು ನಿಮಗೂ ಗೊತ್ತಿರುವುದರಿಂದ, ಜನ ಕಡಿಮೆಯಿರುವ ಮಧ್ಯಾಹ್ನದ ಹೊತ್ತಿಗೆ ಹೋಗುವುದು ಲೇಸು.

ಮ್ಯಾಟು ಸಿದ್ಧವಾದ ಮೇಲೆ ಒಂದು ಕೈಕೆಲಸ ಕೂಡಿಬರುವ ತನಕ ಅದೊಂದರ ಮೇಲೆಯೇ ಅಭ್ಯಾಸ ಮಾಡಿ; ದಿನಕ್ಕೊಂದು ಹಾಸನ್ನು ಬದಲಿಸಿದರೆ ತಪ್ಪು ಕೈಯದೋ ಹಾಸಿನದೋ ಎಂದು ತಿಳಿಯುವುದಿಲ್ಲ. ಆದರೆ ಕೂಡಿಬಂದ ಕೆಲಸವನ್ನು ವಾರಕ್ಕೊಮ್ಮೆಯಾದರೂ ಆ ನಿಮ್ಮ ಓದುವ ಮೇಜಿನ ಮೇಲೆ ಒಯ್ದು ನೋಡಲೇಬೇಕು. ನಾನು ಅದನ್ನು ಮಾಡದೆ, ಮ್ಯಾಟಿನ ಮೇಲೊಂದೇ ಎರಡು ವರ್ಷ ಕಳೆದು, ಹತ್ತಿರದವರೊಬ್ಬರ ಮದುವೆಮನೆಯಲ್ಲಿ ಗ್ರಾನೈಟಿನ ಊಟದ ಮೇಜಿನ ಮೇಲೆ ನಾಲ್ಕು ಎಕ್ಕಗಳ ಆಟ ತೋರಿಸಲು ಕುಳಿತೆ. ಸಾಲಾಗಿಟ್ಟ ಎಕ್ಕಗಳನ್ನು ಒಂದೊಂದಾಗಿ ಎತ್ತಬೇಕಾದ ಗಳಿಗೆಯಲ್ಲಿ ಕಳಾವರ್ ಎಕ್ಕ ಕಲ್ಲಿಗೆ ಮೆತ್ತಿಕೊಂಡಂತೆ ಕುಳಿತುಬಿಟ್ಟಿತು. ಉಗುರು ಹಾಕಿದೆ, ಬೆರಳು ಒದ್ದೆ ಮಾಡಿದೆ, ಕೊನೆಗೆ ಅದನ್ನು ಮೇಜಿನ ಅಂಚಿನವರೆಗೆ ಎಳೆದುಕೊಂಡು ಬಂದು ಎತ್ತಿದೆ. ಎದುರಿಗಿದ್ದ ಅಜ್ಜರೊಬ್ಬರು, “ತಮಾ, ಎಲೆ ಎತ್ತುದೇ ದೊಡ್ಡ ಜಾದೂ ಆಗೋತಲಾ” ಎಂದರು. ಅಂಚಿನವರೆಗೆ ಎಳೆಯುವುದೇ ಗಟ್ಟಿ ಮೇಜಿನ ಮೇಲೆ ಸರಿಯಾದ ಉಪಾಯ ಎಂಬುದು ನಿಜ, ಆದರೆ ಅದನ್ನು ಮೊದಲೇ ರೂಢಿಸಿಕೊಂಡಿರಬೇಕು. ಇನ್ನೊಂದು ಉಪಾಯವೆಂದರೆ, ಆಟ ಆರಂಭಿಸುವ ಮೊದಲು ಯಾರದಾದರೂ ಕರವಸ್ತ್ರವನ್ನು ಕೇಳಿ ಪಡೆದು ಹಾಸಿಕೊಳ್ಳುವುದು.

ರಬ್ಬರ್ ತಳದ ಮ್ಯಾಟನ್ನು ಪಾಲಿಶ್ ಮಾಡಿದ ಮರದ ಮೇಜಿನ ಮೇಲೆ ವಾರಗಟ್ಟಲೆ ಬಿಡಬೇಡಿ, ಕಲೆ ಬೀಳುವುದುಂಟು.

ಪ್ರಶ್ನೆ: ಏಳನೇ ತರಗತಿಯ ಮಗನಿಗೆ ಇಸ್ಪೀಟಿನ ಜಾದೂ ಹುಚ್ಚು. ಬೇಸಿಗೆಯಲ್ಲಿ ಚೆನ್ನಾಗಿದ್ದ ಎಲೆಗಳು ಜೂನ್ ಬಂತೆಂದರೆ ಹಪ್ಪಳದಂತೆ ಬಾಗುತ್ತವೆ, ಒಂದಕ್ಕೊಂದು ಅಂಟುತ್ತವೆ. ಅವನ ಮಾವ ತಂದುಕೊಟ್ಟ ಮ್ಯಾಟಿಗೂ ಕಳೆದ ಮಳೆಗಾಲದಲ್ಲಿ ಬೂಷ್ಟು ಬಂತು. ಪ್ಲಾಸ್ಟಿಕ್ ಎಲೆಗಳನ್ನು ಕೊಡಿಸಿದರೆ ತೊಂದರೆ ತಪ್ಪುತ್ತದೆಯೇ?
— ಗೃಹಿಣಿ, ಕಾರವಾರ

ಉತ್ತರ: ವರ್ಷಕ್ಕೆ 3000 ಮಿಲಿಮೀಟರಿನಷ್ಟು ಮಳೆ ಸುರಿಯುವ ಕರಾವಳಿಯಲ್ಲಿ ಹಾಸಿನ ಪ್ರಶ್ನೆಗಿಂತ ತೇವದ ಪ್ರಶ್ನೆಯೇ ದೊಡ್ಡದು, ತಾಯಿ. ಒಳ್ಳೆಯ ಇಸ್ಪೀಟೆಲೆಯೆಂದರೆ ಎರಡು ಕಾಗದಗಳನ್ನು ನಡುವೆ ಅಂಟು ಹಚ್ಚಿ ಜೋಡಿಸಿ ಮೇಲೆ ಲೇಪನ ಕೊಟ್ಟದ್ದು. ಒಂದು ಮೈ ಇನ್ನೊಂದಕ್ಕಿಂತ ಹೆಚ್ಚು ತೇವ ಹೀರಿದೊಡನೆ ಅದು ಹಿಗ್ಗಿ ಎಲೆ ಬಾಗುತ್ತದೆ. ಕಟ್ಟನ್ನು ಬಯಲಲ್ಲಿ ಬಿಟ್ಟಾಗ ಮೇಲಿನ ಕೆಲವು ಎಲೆಗಳು ಮಾತ್ರ ಹೆಚ್ಚು ಬಾಗುವುದಕ್ಕೆ ಇದೇ ಕಾರಣ. ಅಂತಹ ಎಲೆಗಳನ್ನು ಹರಡಿದಾಗ ಮೂಲೆಗಳು ಮಾತ್ರ ಹಾಸನ್ನು ಮುಟ್ಟುತ್ತವೆ, ಆಗ ಎಂತಹ ಮ್ಯಾಟೂ ಅವುಗಳನ್ನು ಹಿಡಿದು ನಿಲ್ಲಿಸದು. ಮಗನ ಕೈ ಕೆಟ್ಟಿತೆಂದು ಅವನು ಬೇಸರಿಸಿಕೊಂಡಿದ್ದರೆ, ಕಾರಣ ಹವೆಯದೆಂದು ದಯವಿಟ್ಟು ತಿಳಿಸಿ.

ಎರಡು ಕಟ್ಟುಗಳನ್ನು ಇಟ್ಟುಕೊಳ್ಳಲಿ. ಒಂದು ಬಳಕೆಯಲ್ಲಿದ್ದಾಗ ಇನ್ನೊಂದು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಔಷಧದ ಬಾಟಲಿ ಮತ್ತು ಹೊಸ ಬೂಟಿನ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆಗಿರಲಿ. ಆ ಪೊಟ್ಟಣಗಳು ಹಳೆಯದಾದ ಮೇಲೆ ತೇವ ಹೀರುವುದಿಲ್ಲವಾದ್ದರಿಂದ ಆಗಾಗ ಬದಲಿಸಬೇಕು. ಬಾಗಿದ ಕಟ್ಟನ್ನು ಎದುರು ದಿಕ್ಕಿಗೆ ನಯವಾಗಿ ಬಗ್ಗಿಸಿ, ದಪ್ಪ ಪುಸ್ತಕದ ಕೆಳಗೆ ಒಂದು ರಾತ್ರಿ ಇಟ್ಟರೆ ಬಹುಮಟ್ಟಿಗೆ ನೆಟ್ಟಗಾಗುತ್ತದೆ. ಇಸ್ತ್ರಿ ಮಾಡುವುದು, ಒಲೆಯ ಮೇಲಿನ ಅಟ್ಟದಲ್ಲಿ ಅಡಕೆಯ ಹಾಗೆ ಒಣಗಿಸುವುದು, ಇವೆರಡೂ ಬೇಡ. ಎರಡನೆಯದನ್ನು ಘಟ್ಟದ ಮೇಲಿನ ಒಬ್ಬರು ಮಾಡಿದ್ದನ್ನು ಕಂಡಿದ್ದೇನೆ. ಎಲೆಗಳು ಒಣಗಿದವು, ನಿಜ, ಆದರೆ ಎದುರು ಬದಿಗೆ ಬಾಗಿದವು, ಮತ್ತು ಅವರು ಆಟ ತೋರಿಸುವ ಮೊದಲೇ ಹೊಗೆಯ ವಾಸನೆ ಬರುತ್ತಿತ್ತು.

ಪ್ಲಾಸ್ಟಿಕ್ ಎಲೆಗಳು ತೇವ ಹೀರುವುದಿಲ್ಲ, ಒರೆಸಿದರೆ ಶುಚಿಯಾಗುತ್ತವೆ. ಆದರೆ ಅವು ಕಾಗದದ್ದಕ್ಕಿಂತ ಹೆಚ್ಚು ಜಾರುತ್ತವೆ, ಬಗ್ಗಿಸಿದರೆ ಸ್ಪ್ರಿಂಗಿನಂತೆ ಪುಟಿಯುತ್ತವೆ, ಬೆವರಿದ ಬೆರಳಿಗೆ ಅಂಟುತ್ತವೆ. ಎಲೆ ಕಲಸುವ ಅಭ್ಯಾಸಕ್ಕೆ ಮಳೆಗಾಲದ ಮಟ್ಟಿಗೆ ಕೊಡಿಸಬಹುದು. ಸೂಕ್ಷ್ಮ ಕೆಲಸಗಳನ್ನು ಕಾಗದದ ಎಲೆಗಳಲ್ಲೇ ಕಲಿಯಲಿ. ಇಸ್ಪೀಟು ಮುಟ್ಟುವ ಮೊದಲು ಸೋಪಿನಿಂದ ಕೈ ತೊಳೆದು ಪೂರ್ತಿ ಒರೆಸಿಕೊಳ್ಳುವುದನ್ನು ರೂಢಿ ಮಾಡಿಸಿ. ತಲೆಗೆ ಹಚ್ಚಿದ ತೆಂಗಿನೆಣ್ಣೆ ಬೆರಳಿನ ಮೂಲಕ ಎಲೆಗೂ ಎಲೆಯ ಮೂಲಕ ಮ್ಯಾಟಿಗೂ ಹೋಗುತ್ತದೆ, ಮ್ಯಾಟಿನ ಮಧ್ಯದಲ್ಲಿ ಕಾಣುವ ಕಪ್ಪು ಜಿಡ್ಡು ಬರುವುದೇ ಹೀಗೆ. ಅಂಟಿದ ಎಲೆಗಳಿಗೆ ಟಾಲ್ಕಂ ಪೌಡರ್ ಹಾಕಿದರೆ ಅದು ತೇವದೊಂದಿಗೆ ಸೇರಿ ಗಂಟುಗಂಟಾಗುತ್ತದೆ. ಜಾದೂಗಾರರು ಬೀಸಣಿಗೆಯಂತೆ ಎಲೆ ಬಿಡಿಸಲು ಬಳಸುವ ಪುಡಿ ಜಿಂಕ್ ಸ್ಟಿಯರೇಟ್. ಅದರ ದೂಳು ಉಸಿರಿಗೆ ಹೋಗಬಾರದಾದ್ದರಿಂದ ಮಗನ ವಯಸ್ಸಿಗೆ ಅದು ಬೇಡ.

ಮ್ಯಾಟಿಗೆ ಬೂಷ್ಟು ಬರುವುದು ಅದನ್ನು ಸುತ್ತಿ ಕಪಾಟಿನಲ್ಲಿಡುವುದರಿಂದ. ಮಳೆಗಾಲದಲ್ಲಿ ಅದು ಗಾಳಿಯಾಡುವ ಕಡೆ ಚಪ್ಪಟೆಯಾಗಿಯೇ ಇರಲಿ, ಫ್ಯಾನಿನ ಕೆಳಗಾದರೆ ಇನ್ನೂ ಒಳ್ಳೆಯದು. ಸುತ್ತಲೇಬೇಕಾದಾಗ ಬಟ್ಟೆಯ ಮೈ ಹೊರಗೆ ಬರುವಂತೆ ಸುತ್ತಿದರೆ, ಬಿಚ್ಚಿದಾಗ ಅಂಚುಗಳು ಮೇಲೇಳದೆ ಮೇಜಿಗೆ ಒತ್ತಿಕೊಂಡಿರುತ್ತವೆ. ಬಂದ ಬೂಷ್ಟನ್ನು ಬಿಸಿಲು ಕಂಡ ದಿನ ಹೊರಗೊಯ್ದು ಒಣ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ರಬ್ಬರು ಹೆಚ್ಚು ಬಿಸಿಲನ್ನು ತಾಳದಾದ್ದರಿಂದ ಅರ್ಧ ಗಂಟೆ ಸಾಕು.

ಪ್ರಶ್ನೆ: ನನ್ನ ತಮ್ಮನಿಗೆ ಅಪಘಾತದಲ್ಲಿ ಒಂದು ಕೈ ಹೋಗಿದೆ. ಇಸ್ಪೀಟಿನ ಜಾದೂ ಕಲಿಯುವ ಆಸೆ ಅವನಿಗೆ ಇದೆ, ಆದರೆ ಎಲ್ಲ ಪಾಠಗಳೂ ಎರಡು ಕೈಗಳನ್ನು ಲೆಕ್ಕದಲ್ಲಿಟ್ಟುಕೊಂಡೇ ಇವೆ. ಅವನಿಗೆ ಹುಸಿ ಧೈರ್ಯ ಹೇಳಲು ನನಗೆ ಇಷ್ಟವಿಲ್ಲ. ಸಾಧ್ಯವೇ?
— ಅಣ್ಣ, ಅಂಕೋಲಾ

ಉತ್ತರ: ಸಾಧ್ಯವೆಂಬುದಕ್ಕೆ ನನ್ನ ಮಾತಿಗಿಂತ ಗಟ್ಟಿಯಾದ ಸಾಕ್ಷಿ ಇದೆ. ಅರ್ಜೆಂಟೀನಾದ ರೆನೆ ಲಾವಂಡ್ 1928ರಲ್ಲಿ ಹುಟ್ಟಿದವರು, ಒಂಬತ್ತನೆಯ ವಯಸ್ಸಿನಲ್ಲಿ ಅಪಘಾತದಲ್ಲಿ ಬಲಗೈಯನ್ನು ಕಳೆದುಕೊಂಡವರು. 2015ರಲ್ಲಿ ತೀರಿಕೊಳ್ಳುವವರೆಗೂ ಅವರ ಹೆಸರು ಇಸ್ಪೀಟಿನ ಜಾದೂಗಾರರ ಮೊದಲ ಸಾಲಿನಲ್ಲಿತ್ತು. ಅವರು ಮೇಜಿನ ಮುಂದೆ ಕುಳಿತು, ಎಡಗೈ ಒಂದರಿಂದಲೇ, ಅವಸರವಿಲ್ಲದೆ ಆಡಿಸುತ್ತಿದ್ದರು. ಅವರ ಆಟದ ದೃಶ್ಯಗಳು ಫೋನಿನಲ್ಲಿ ಸುಲಭವಾಗಿ ಸಿಗುತ್ತವೆ. ತಮ್ಮನ ಜೊತೆ ಕುಳಿತು ನೋಡಿ, ಆದರೆ ಆಟವನ್ನಲ್ಲ, ಮೇಜನ್ನು ನೋಡಿ.

ಒಂದೇ ಕೈಯವನಿಗೆ ಹಾಸೇ ಎರಡನೆಯ ಕೈ. ನಾವು ಎಡಗೈಯಲ್ಲಿ ಹಿಡಿದುಕೊಳ್ಳುವ ಕಟ್ಟನ್ನು ಅವನು ಹಾಸಿನ ಮೇಲಿಡುತ್ತಾನೆ, ನಾವು ಇನ್ನೊಂದು ಕೈಯ ಬೆರಳುಗಳಿಂದ ಒತ್ತಿ ಸಮ ಮಾಡುವ ಅಂಚುಗಳನ್ನು ಅವನು ಹಾಸಿಗೆ ತಟ್ಟಿ ಸಮ ಮಾಡುತ್ತಾನೆ. ಆದ್ದರಿಂದ ಅವನ ಮ್ಯಾಟಿನ ಬಗ್ಗೆ ನಾನು ಶಿರಸಿಯ ವಿದ್ಯಾರ್ಥಿಗೆ ಹೇಳಿದ್ದಕ್ಕಿಂತ ಹೆಚ್ಚು ಹಟ ಹಿಡಿಯುತ್ತೇನೆ. ತಳ ಐದು ಮಿಲಿಮೀಟರಿಗೆ ಕಡಿಮೆಯಿರಬಾರದು. ಬಿದ್ದ ಎಲೆಯನ್ನು ಎತ್ತಲು ನೆರವಿಗೆ ಬರುವ ಇನ್ನೊಂದು ಬೆರಳು ಅವನಿಗಿಲ್ಲ. ಮ್ಯಾಟು ಮೇಜಿನ ಮೇಲೆ ಕೂದಲೆಳೆಯಷ್ಟೂ ಸರಿಯಕೂಡದು, ಏಕೆಂದರೆ ಅದನ್ನು ಹಿಡಿದುಕೊಳ್ಳುವವರಿಲ್ಲ. ಬೇಕಿದ್ದರೆ ಮೂಲೆಗಳನ್ನು ಹಲಗೆಗೆ ಅಂಟಿಸಿಬಿಡಿ. ಅವನ ಕೈ ಇರುವ ಬದಿಗೆ ಎದುರಾಗಿ, ಮ್ಯಾಟಿನ ಅಂಚಿನಲ್ಲಿ ಒಂದು ಸೆಂಟಿಮೀಟರ್ ಎತ್ತರದ ಮರದ ಪಟ್ಟಿಯನ್ನು ಅದೇ ಬಟ್ಟೆ ಸುತ್ತಿ ಕೂರಿಸಿದರೆ, ಚದುರಿದ ಎಲೆಗಳನ್ನು ಅದಕ್ಕೆ ಒತ್ತಿ ಒಂದುಗೂಡಿಸಬಹುದು. ಕಲಿಕೆ ಮುಂದುವರಿದಂತೆ ಪಟ್ಟಿಯನ್ನು ಕಿತ್ತುಹಾಕಲಿ.

ಎಲೆಗಳು ಬ್ರಿಜ್ ಅಳತೆಯವಾಗಿರಲಿ. ಅವುಗಳ ಅಗಲ ಸುಮಾರು 5.7 ಸೆಂಟಿಮೀಟರ್, ಅಂದರೆ ಪೋಕರ್ ಎಲೆಗಿಂತ ಅರ್ಧ ಸೆಂಟಿಮೀಟರಿಗೂ ಹೆಚ್ಚು ಕಿರಿದು. ಒಂದೇ ಕೈಯಲ್ಲಿ ಕಟ್ಟನ್ನು ಎರಡು ಮಾಡಿ ಮೇಲಿನದನ್ನು ಕೆಳಗೆ ತರುವ ಕೆಲಸಕ್ಕೆ ಈ ಅರ್ಧ ಸೆಂಟಿಮೀಟರ್ ದೊಡ್ಡದು. ಇದಕ್ಕೆ ಷಾರ್ಲಿಯೆ ಕಟ್ ಎಂದು ಹೆಸರು, ಎರಡು ಕೈಯವರೂ ಇದನ್ನು ಒಂದೇ ಕೈಯಲ್ಲಿ ಮಾಡುವುದರಿಂದ ಪಾಠಗಳು ಬೇಕಾದಷ್ಟಿವೆ. ಅವನು ಅಲ್ಲಿಂದಲೇ ಆರಂಭಿಸಲಿ, ಆಗ ಮೊದಲ ಪಾಠದಲ್ಲಾದರೂ ಅವನು ಯಾರಿಗಿಂತಲೂ ಹಿಂದಿರುವುದಿಲ್ಲ. ಮ್ಯಾಟಿನ ಮೇಲೆಯೇ ಕೈಯಿಟ್ಟು ಅಭ್ಯಾಸ ಮಾಡಿದರೆ, ಮೊದಮೊದಲು ನೂರು ಬಾರಿ ಚೆಲ್ಲುವ ಎಲೆಗಳು ನೆಲಕ್ಕೆ ಬೀಳುವುದಿಲ್ಲ.

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯ ಶಿಕ್ಷಕ. ಮಕ್ಕಳಿಗೂ ಮನೆಯವರಿಗೂ ನೆಲದ ಮೇಲೆ ಕುಳಿತೇ ಇಸ್ಪೀಟಿನ ಆಟ ತೋರಿಸುತ್ತೇನೆ. ಜಗಲಿಯಲ್ಲಿ ಮೇಜು ಕುರ್ಚಿ ಹಾಕಿ ಕೂರುವುದು ನನಗೆ ಹಿತವಲ್ಲ. ಇದರಿಂದ ಏನಾದರೂ ತೊಡಕಿದೆಯೇ?
— ಶಿಕ್ಷಕರು, ಕುಮಟಾ

ಉತ್ತರ: ಮೇಷ್ಟ್ರೇ, ನಮ್ಮ ನಾಡಿನ ಗಾರುಡಿಗರು ತಲೆತಲಾಂತರದಿಂದ ಬೀದಿಯ ನೆಲದ ಮೇಲೆ ಒಂದು ಬಟ್ಟೆ ಹಾಸಿ, ನೆತ್ತಿಯ ಮೇಲೆ ಗುಂಡನೆಯ ಹಿಡಿಯಿರುವ ಬಟ್ಟಲುಗಳನ್ನು ಬೆರಳ ಸಂದಿನಲ್ಲಿ ಹಿಡಿದು ಚೆಂಡಿನಾಟ ಆಡಿಸಿದವರು. ಮೇಜು ಇಲ್ಲದೆ ನಡೆಯದು ಎಂಬ ಮಾತಿಗೆ ನಮ್ಮಲ್ಲಿ ಜಾಗವಿಲ್ಲ. ತೊಡಕು ಇರುವುದು ನೋಟದ ಕೋನದಲ್ಲಿ. ನಿಂತವರು ನಿಮ್ಮ ಹಾಸನ್ನು ನೆತ್ತಿಯಿಂದ ನೋಡುತ್ತಾರೆ. ಕೈಯಲ್ಲಿ ಅಡಗಿಸಿದ ಎಲೆ ಎದುರು ಕುಳಿತವನಿಗೆ ಕಾಣದಿದ್ದರೂ ಹಿಂದೆ ನಿಂತವನಿಗೆ ಕಾಣುತ್ತದೆ. ಗೋಡೆಗೆ ಬೆನ್ನು ಕೊಟ್ಟು ಕುಳಿತುಕೊಳ್ಳಿ, ಎಲ್ಲರನ್ನೂ ಎದುರಿಗೆ ಕೂರಿಸಿಕೊಳ್ಳಿ. ಎಲೆಯನ್ನು ಮಡಿಲಿಗೆ ಬೀಳಿಸಿಕೊಳ್ಳುವ ಆಟಗಳನ್ನು ನೆಲದಲ್ಲಿ ಕೈಬಿಡುವುದೇ ಸರಿ, ಹಾಸೂ ಮಡಿಲೂ ಒಂದೇ ಮಟ್ಟದಲ್ಲಿದ್ದರೆ ಬೀಳುವುದಕ್ಕೆ ಇಳಿಜಾರೆಲ್ಲಿ?

ಮ್ಯಾಟನ್ನು ಚಾಪೆಯ ಮೇಲೆ ಹಾಸಬೇಡಿ, ಏಣುಗಳು ಅದರ ಮೂಲಕವೂ ತಿಳಿಯುತ್ತವೆ. ಊಟಕ್ಕೆ ಕೂರುವ ಎರಡು ಅಗಲವಾದ ಮಣೆಗಳನ್ನು ಜೋಡಿಸಿ ಅದರ ಮೇಲೆ ಹಾಸಿದರೆ ಮೂರು ನಾಲ್ಕು ಇಂಚು ಎತ್ತರವೂ ಸಿಗುತ್ತದೆ, ಬೆನ್ನೂ ಅಷ್ಟು ಬಾಗುವುದಿಲ್ಲ.

ಪ್ರಶ್ನೆ: ಸಂಜೆ ಟಾಗೋರ್ ಕಡಲತೀರಕ್ಕೆ ಬರುವವರಿಗೆ ಇಸ್ಪೀಟಿನ ಆಟ ತೋರಿಸಬೇಕೆಂದಿದ್ದೇನೆ. ಯಾವ ಹಾಸು ಒಯ್ಯಲಿ?
— ಯುವಕ, ಕಾರವಾರ

ಉತ್ತರ: ಯಾವುದೂ ಬೇಡ. ಒಂದು ಚಿಟಿಕೆ ಮರಳು ಎಲೆಗಳ ನಡುವೆ ಸೇರಿದರೆ ಕಟ್ಟು ಅಲ್ಲಿಗೆ ಮುಗಿಯಿತು, ಮ್ಯಾಟಿನ ಜುಂಗಿಗೆ ಸೇರಿದ ಮರಳಂತೂ ಎಷ್ಟು ಕೊಡವಿದರೂ ಹೋಗದು. ಗಾಳಿಯಲ್ಲಿ ಬರುವ ಉಪ್ಪು ತೇವವನ್ನು ಎಳೆದುಕೊಳ್ಳುವುದರಿಂದ ಎಲೆಗಳು ಅರ್ಧ ಗಂಟೆಯಲ್ಲಿ ಜಿಗುಟಾಗುತ್ತವೆ. ನಿಂತುಕೊಂಡು, ಪೂರ್ತಿ ಕೈಯಲ್ಲೇ ನಡೆಯುವ ಆಟಗಳನ್ನು, ಹಾಳಾದರೂ ಚಿಂತೆಯಿಲ್ಲದ ಹಳೆಯ ಕಟ್ಟಿನಲ್ಲಿ ತೋರಿಸಿ. ನಾಣ್ಯದ ಆಟ ಅಲ್ಲಿಗೆ ಇನ್ನೂ ಹೊಂದುತ್ತದೆ. ನಮ್ಮ 10 ರೂಪಾಯಿ ನಾಣ್ಯ 27 ಮಿಲಿಮೀಟರ್ ಅಗಲ, ಸುಮಾರು 7.7 ಗ್ರಾಂ ತೂಕವಿದ್ದು ಅಂಗೈಯಲ್ಲಿ ನಿಲ್ಲುವಷ್ಟು ದೊಡ್ಡದಾಗಿದೆ, ಮತ್ತು ಗಟ್ಟಿ ಮೇಜಿನ ಮೇಲೆ ಗುಟ್ಟು ಬಿಟ್ಟುಕೊಡುವ ಅದರ ಠಣ್ ಸದ್ದು ಅಲೆಗಳ ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲ.

ಪ್ರಶ್ನೆ: ಫೋನಿನಲ್ಲಿ ಚಿತ್ರೀಕರಿಸಿ ನನ್ನ ತಪ್ಪುಗಳನ್ನು ನೋಡಿಕೊಳ್ಳುತ್ತೇನೆ. ಕಪ್ಪು ಮ್ಯಾಟಿನ ಮೇಲೆ ಎಲೆಗಳು ಬರೀ ಬಿಳಿ ಚೌಕಗಳಾಗಿ ಕಾಣುತ್ತವೆ. ಯಾವ ಬಣ್ಣ ಒಳ್ಳೆಯದು?
— ಓದುಗರು, ಹೊನ್ನಾವರ

ಉತ್ತರ: ಚೌಕಟ್ಟಿನ ತುಂಬ ಕಪ್ಪು ಇದ್ದಾಗ ಫೋನು ಬೆಳಕು ಸಾಲದೆಂದು ತಿಳಿದು ಇಡೀ ಚಿತ್ರವನ್ನು ಬೆಳಗಿಸುತ್ತದೆ, ಆಗ ಎಲೆಯ ಬಿಳುಪು ಅತಿಯಾಗಿ ಅದರ ಮೇಲಿನ ಗುರುತುಗಳು ಅಳಿಸಿಹೋಗುತ್ತವೆ. ನಡುಮಟ್ಟದ ಬೂದು ಅಥವಾ ಹಸಿರನ್ನು ಹಾಸಿದರೆ ಈ ತೊಂದರೆ ಇಲ್ಲ. ಬೆನ್ನು ಕೆಂಪಾಗಿರುವ ಕಟ್ಟಿಗೆ ಕೆಂಪು ಹಾಸು, ನೀಲಿಯದಕ್ಕೆ ನೀಲಿ ಬೇಡ. ಮಗುಚಿಟ್ಟ ಎಲೆಗಳ ಅಂಚು ತಿಳಿಯದೆ ನಿಮ್ಮ ತಪ್ಪೇ ನಿಮಗೆ ಕಾಣದಾಗುತ್ತದೆ. ಇರುವ ಕಪ್ಪು ಮ್ಯಾಟನ್ನು ಎಸೆಯಬೇಕಿಲ್ಲ. ಫೋನಿನ ಪರದೆಯಲ್ಲಿ ಎಲೆಯ ಮೇಲೆ ಬೆರಳೊತ್ತಿ ಹಿಡಿದು ಬೆಳಕನ್ನು ತಗ್ಗಿಸಿಕೊಳ್ಳಿ, ಮತ್ತು ಚಿತ್ರೀಕರಿಸುವ ಮೊದಲು ಅಗಲವಾದ ಸೆಲೋ ಟೇಪನ್ನು ಕೈಗೆ ಸುತ್ತಿಕೊಂಡು ಮ್ಯಾಟನ್ನು ತಟ್ಟಿ ತೆಗೆಯಿರಿ. ಕಪ್ಪು ಬಟ್ಟೆಯ ಮೇಲಿನ ನೂಲು ಮತ್ತು ಕೂದಲು ಕಣ್ಣಿಗಿಂತ ಫೋನಿಗೆ ಹೆಚ್ಚು ಕಾಣುತ್ತವೆ.